ಎಡಗಣ್ಣಿನ ಬಣ್ಣ

"ರೆಪ್ಪೆ ಬಡಿಯಬೇಡಿ," ಅಂದಳು ಅವಳು.

"ಮೂಗಿಗೆ ಮೂಗು ತಾಗೋಷ್ಟು ಹತ್ತಿರ ಬಂದು ಹಾಗಂದರೆ ಹೇಗ್ರೀ? ನಮ್ಮಮ್ಮ ಬಿಟ್ಟರೆ ನನ್ನ ಮುಖವನ್ನ ಇಷ್ಟು ಹೊತ್ತು ಯಾರೂ ಸಹಿಸಿಕೊಂಡಿಲ್ಲ."

ಅವಳು ನಗಲಿಲ್ಲ. ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿದಳು.

ಕೃತಕ ಕಣ್ಣು ಮಾಡುವುದು ಅವಳ ಕಸುಬು, ದೊಡ್ಡಮ್ಮನಿಂದ ಕಲಿತದ್ದು. ಕಿಟಕಿಯ ಬೆಳಕಲ್ಲಿ ಕೂತು ಅಕ್ರಿಲಿಕ್ ಬಿಲ್ಲೆಯ ಮೇಲೆ ಪದರ ಪದರವಾಗಿ ಬಣ್ಣ ಕೂರಿಸಬೇಕು, ಬಿಳಿಭಾಗದ ಮೇಲೆ ಕೆಂಪು ರೇಷ್ಮೆಯ ಎಳೆ ಅಂಟಿಸಿ ನರಗಳನ್ನು ಮೂಡಿಸಬೇಕು. ಅದಕ್ಕೆಲ್ಲ ಉಳಿದಿರುವ ಕಣ್ಣನ್ನೇ ನೋಡಿಕೊಂಡು ಕೂರಬೇಕು.

ಅವನು ದೊಡ್ಡ ಹೋಟೆಲೊಂದರ ರಿಸೆಪ್ಷನಿಸ್ಟ್. ಸೋಡಾ ಬಾಟಲಿ ಸಿಡಿದು ಎಡಗಣ್ಣು ಹೋಗಿತ್ತು. "ಮುಖ ಸರಿಮಾಡಿಕೊಂಡು ಬಾ, ನಿನ್ನ ಜಾಗ ಎಲ್ಲೂ ಹೋಗಲ್ಲ," ಎಂದ ಮ್ಯಾನೇಜರ್ ಅವನನ್ನು ಬೇಸ್‌ಮೆಂಟಿನ ಲಾಂಡ್ರಿಗೆ ಇಳಿಸಿದ್ದ.

ಅವನ ಬಲಗಣ್ಣು ದೂರಕ್ಕೆ ಬರೀ ಕಂದು. ಹತ್ತಿರ ಹೋದರೆ ಪಾಪೆಯ ಸುತ್ತ ಜೇನುಬಣ್ಣದ ಬಳೆ, ಅದರಾಚೆ ಯಾರೋ ಮರೆತು ಬಿಟ್ಟುಹೋದಂಥ ಒಂದು ಹಸಿರು ಚುಕ್ಕೆ. ಅವಳು ಬಣ್ಣ ಕಲಸಲು ತಲೆ ತಗ್ಗಿಸಿದರೆ ಆ ಕಣ್ಣು ಅವಳ ಕಿವಿಯ ಹತ್ತಿರ ಬರುತ್ತಿತ್ತು, ಕೊರಳಿಗಿಳಿಯುತ್ತಿತ್ತು. ತಲೆ ಎತ್ತಿದರೆ ಏನೂ ಅರಿಯದ ಪಾಪದವನ ಹಾಗೆ ಗೋಡೆ ನೋಡುತ್ತಿತ್ತು.

"ಗೋಡೆ ಮೇಲೆ ಏನಿದೆ?"

"ಏನೂ ಇಲ್ಲ. ಅದಕ್ಕೇ ನೋಡೋದು ಸುಲಭ."

ಕಣ್ಣು ಮುಗಿದ ದಿನ ಅದನ್ನು ಅವನ ಮುಖದ ಪಕ್ಕ ಹಿಡಿದು ನೋಡಿದಳು. ತಾಯಿಯೂ ಮೋಸಹೋಗುವಂತಿತ್ತು. "ಆಯ್ತು" ಅನ್ನಲು ಬಾಯಿ ತೆರೆದವಳಿಗೆ ನಾಳೆಯಿಂದ ಎದುರಿನ ಕುರ್ಚಿ ಖಾಲಿ ಅನ್ನುವುದು ಹೊಳೆಯಿತು.

"ಹಸಿರು ಸರಿಬಂದಿಲ್ಲ. ಇನ್ನೊಂದು ಸಲ ಬರಬೇಕು."

"ಬರ್ತೀನಿ ಬಿಡಿ. ಬೆಡ್‌ಶೀಟುಗಳಿಗೆ ನನ್ನ ಮುಖ ಹೇಗಿದ್ದರೂ ನಡೆಯುತ್ತೆ."

ಇನ್ನೊಂದು ಸಲ ಮತ್ತೊಂದಾಯಿತು. ಅವನ ಮೈಯಿಂದ ಬ್ಲೀಚಿನ ವಾಸನೆ ಹೋಗದಾಯಿತು, ಬೆರಳ ಸಂದಿಗಳು ಬಿರಿದವು. ಬಸ್ಸಲ್ಲಿ ಅವನ ಕಣ್ಣುಪಟ್ಟಿ ನೋಡಿ ಮಗುವೊಂದು ಅತ್ತದ್ದನ್ನು ತಮಾಷೆ ಮಾಡಿ ಹೇಳಿದ. ಅವಳು ಡ್ರಾಯರಿನತ್ತ ಒಮ್ಮೆ ನೋಡಿದಳು. ಆದರೂ ಹೇಳಿದಳು, "ಹಸಿರು ಇನ್ನೂ ಸ್ವಲ್ಪ."

ಒಂದು ಬೆಳಿಗ್ಗೆ ಅವನು ತಮಾಷೆ ಮಾಡದೆ ಬಂದು ಕೂತ.

"ಕೌಂಟರಿಗೆ ಹೊಸಬನನ್ನ ತಗೊಂಡರು. ಅವರಾದರೂ ಎಷ್ಟು ಅಂತ ಕಾಯ್ತಾರೆ." ಅವಳ ಮುಖ ನೋಡಿ ತಾನೇ ಸಮಾಧಾನ ಹೇಳಿದ. "ನೀವ್ಯಾಕೆ ಸಪ್ಪಗಾದ್ರಿ? ನಿಮ್ಮದು ಅಚ್ಚುಕಟ್ಟು ಕೆಲಸ. ಅವಸರ ಮಾಡಿದ್ದರೆ ಮೆಳ್ಳಗಣ್ಣು ಕೂರಿಸಿಕೊಂಡು ಹೋಗ್ತಿದ್ದೆ."

ಅಷ್ಟರಲ್ಲಿ ರೇಷ್ಮೆ ಎಳೆ ಹುಡುಕುತ್ತ ಬಂದ ದೊಡ್ಡಮ್ಮ ಡ್ರಾಯರ್ ಎಳೆದಳು. "ಇದೇನೇ, ಇವರದ್ದು ಯಾವಾಗಲೋ ಆಗಿತ್ತಲ್ಲ, ಇನ್ನೂ ಕೊಟ್ಟಿಲ್ವಾ? ಇಷ್ಟು ಚೆನ್ನಾಗಿ ನಾನೂ ಯಾವತ್ತೂ ಮಾಡಿರಲಿಲ್ಲ." ಕಣ್ಣನ್ನು ಅವನ ಅಂಗೈಗಿಟ್ಟು ಒಳಗೆ ಹೋದಳು.

ಅವನು ತಾನೇ ಹಾಕಿಕೊಂಡು ಕನ್ನಡಿ ನೋಡಿದ. ಒಂದು ಗಳಿಗೆ ಅವನ ಮುಖ ಅರಳಿತು. ಆಮೇಲೆ ನಿಧಾನವಾಗಿ ಇವಳತ್ತ ತಿರುಗಿದ.

"ಇದು ಯಾವುದು?"

"ಮೊದಲನೇದು."

"ಹಸಿರು?"

"ಸರಿಯಾಗೇ ಇತ್ತು."

"ಮತ್ಯಾಕೆ?"

"ಕೊಟ್ಟುಬಿಟ್ಟರೆ ನೀವು ಬರ್ತಿರಲಿಲ್ಲ. ನಿಮ್ಮನ್ನ ನೋಡದೆ ಇರೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಅವನು ಕಳಚಿಟ್ಟ ಕಣ್ಣುಪಟ್ಟಿಯನ್ನು ಮಡಿಸಿ ಜೇಬಿಗಿಟ್ಟ.

"ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಬರ್ತಿದ್ದದ್ದು ಬರೀ ಕಣ್ಣಿಗೆ ಅಂದುಕೊಂಡ್ರಾ? ಅಮ್ಮನಿಗೆ ನಿಮ್ಮ ವಿಷಯ ಹೇಳಿಯಾಗಿತ್ತು. ಕೌಂಟರಿಗೆ ವಾಪಸ್ ಹೋದ ದಿನ ನಿಮ್ಮನ್ನ ಕೇಳೋಣ ಅಂತಿದ್ದೆ. ಬೇಸ್‌ಮೆಂಟಿಂದ ಎದ್ದು ಬಂದು ಕೇಳೋಕೆ ನಾಚಿಕೆ ಆಗ್ತಿತ್ತು."

"ಈಗ ಕೇಳಿ," ಅಂದಳು. ಮಾನ ಮರ್ಯಾದೆ ಯಾವುದೂ ಅಡ್ಡ ಬರಲಿಲ್ಲ.

"ಈಗ ಆಗಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಅವನು ಮೆತ್ತಗೆ ಹೇಳಿದ. "ನಾನು ಅಲ್ಲಿ ಕಂಡವರ ಕೊಳೆ ಹಿಂಡುವಾಗ ನೀವು ಇದನ್ನ ಡ್ರಾಯರಲ್ಲಿ ಇಟ್ಟುಕೊಂಡು ಕೂತಿದ್ರಿ. ಅದೂ ಪ್ರೀತಿಯಿಂದ. ಇನ್ನು ನೀವು ಪ್ರೀತಿಯಿಂದ ಏನೇ ಮಾಡಿದರೂ ನನಗೆ ಭಯ."

ಕಣ್ಣು ಸರಿ ಕೂತಿದೆಯೇ ಎಂದು ನೋಡದೆ ಕಳಿಸುವಂತಿರಲಿಲ್ಲ. ಗೇಣು ದೂರಕ್ಕೆ ಮುಖ ತಂದಳು. "ಬಲಕ್ಕೆ ನೋಡಿ. ಎಡಕ್ಕೆ. ಮೇಲೆ." ಹೇಳಿದಲ್ಲೆಲ್ಲ ಎರಡೂ ಕಣ್ಣು ಜೊತೆಯಾಗಿ ಹೋದವು. ಅವಳ ಮುಖದ ಮೇಲೆ ಮಾತ್ರ ಎಲ್ಲೂ ನಿಲ್ಲಲಿಲ್ಲ.

ಬಾಗಿಲ ಹತ್ತಿರ ನಿಂತು ಕೇಳಿದ, "ಇದಕ್ಕೆ ಆಗಾಗ ಪಾಲಿಶ್ ಮಾಡಿಸಬೇಕಂತಲ್ಲ. ನೀವೇ ಮಾಡಬೇಕಾ? ಬೇರೆಯವರ ಹತ್ತಿರ ಆಗುತ್ತಾ?"

ನಾನೇ ಮಾಡಬೇಕು ಅಂದುಬಿಟ್ಟರೆ ಬರುತ್ತಾನೆ. ಮನಸ್ಸಿಲ್ಲದೆಯಾದರೂ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾನೆ. ಆ ಮಾತು ನಾಲಿಗೆ ತುದಿಯವರೆಗೆ ಬಂತು.

"ಯಾರ ಹತ್ತಿರ ಬೇಕಾದರೂ ಮಾಡಿಸಬಹುದು," ಅಂದಳು.

ಅವನು ತಲೆಯಾಡಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.