ಹನ್ನೊಂದನೇ ನಿಮಿಷದ ಹೂಂ

ಡೈರಿಯಲ್ಲಿ ಬರೆದಿಟ್ಟದ್ದನ್ನೇ ಹೇಳುತ್ತೇನೆ. ವಿಮಾನ ನಗರದ ನಮ್ಮ ಫ್ಲ್ಯಾಟಿಗೆ ರೂಮ್‌ಮೇಟ್ ಸ್ಪಂದನಾ ದುಬಾರಿ ಡ್ಯಾಕ್ ಒಂದನ್ನು ತಂದಿದ್ದಳು. ಕಂಪ್ಯೂಟರಿನ ದನಿಯನ್ನು ಹೆಡ್‌ಫೋನಿಗೆ ತಿಳಿಯಾಗಿ ಇಳಿಸುವ, ಅಂಗೈಯಗಲದ ಪೆಟ್ಟಿಗೆ. ಭಾನುವಾರ ಮಧ್ಯಾಹ್ನ ಆಕೆ ಹೊರಗೆ ಹೋದಾಗ, ಕೇಳದೇ ಅದರಲ್ಲಿ ನಮ್ಮ ಅಜ್ಜಿ ಸಾವಂತ್ರವ್ವನ ಕಥೆ ಹಾಕಿಕೊಂಡೆ. ಅಜ್ಜಿ ತೀರಿ ಹತ್ತು ವರ್ಷವಾಯಿತು. ಇದು ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ನಾನು ಹೂಂಗುಟ್ಟಿದರಷ್ಟೇ ಅಜ್ಜಿ ಮುಂದೆ ಹೇಳುತ್ತಿದ್ದಳು. ಹನ್ನೊಂದನೇ ನಿಮಿಷಕ್ಕೆ ಐದು ವರ್ಷದ ನಾನು ನಿದ್ದೆಹೋಗಿದ್ದೆ, ಟೇಪೂ ಅಲ್ಲಿಗೇ ನಿಂತಿತ್ತು. ಆ ಕಥೆಯಲ್ಲಿ ಬಾವಿಗಿಳಿದ ಹುಡುಗಿ ಮೇಲೆ ಬಂದಳೋ ಇಲ್ಲವೋ, ಅದೊಂದು ತಿಳಿಯಬೇಕೆಂಬ ಆಸೆ ಇವತ್ತಿಗೂ ಹೋಗಿಲ್ಲ.

ಆ ಭಾನುವಾರ ಅಜ್ಜಿಯ ಬಳೆಯ ಸದ್ದು, ಎಲೆಯಡಿಕೆ ಅಗಿಯುವ ಸದ್ದು ಕಿವಿಗೆ ಅಂಟಿಕೊಂಡಂತಿತ್ತು. ಕತ್ತಿಗೆ ಬೆಚ್ಚನೆಯ ಉಸಿರು ತಾಗಿತು.

"ಹೂಂ ಅನ್ನವಾ, ನನ್ನ ಕೂಸ," ಎಂದಳು ಅಜ್ಜಿ. ಟೇಪಿನ ಕೊನೆಯ ಮಾತು ಅದೇ.

ಮಂಪರಿನಲ್ಲಿ ನಾನು "ಹೂಂ" ಅಂದುಬಿಟ್ಟೆ.

"ಹಂಗ ಬಾ ದಾರಿಗೆ," ಎಂದು ನಕ್ಕು ಅಜ್ಜಿ ಕಥೆ ಮುಂದುವರಿಸಿದಳು. ಹುಡುಗಿ ಬಾವಿಯ ಮೆಟ್ಟಿಲು ಹತ್ತತೊಡಗಿದಳು. ಕೊನೇ ಮೆಟ್ಟಿಲಿಗೆ ಅಜ್ಜಿ ಕಥೆ ನಿಲ್ಲಿಸಿದಳು. "ಯಾರೋ ಗಂಟಿ ಬಾರಸಾಕತ್ತಾರ. ಬಾಗಲಾ ತಗದ ಬಾ, ನಾ ಇಲ್ಲೇ ಇರ್ತೀನಿ."

ತೆಗೆದರೆ ಸ್ಪಂದನಾ. "ಎಷ್ಟೊತ್ತಿಂದ ಬೆಲ್ ಮಾಡ್ತಿದೀನಿ, ಕಿವುಡಿ!"

ಓಡಿಬಂದು ಮತ್ತೆ ಹಾಕಿದೆ. ಹನ್ನೊಂದು ನಿಮಿಷಕ್ಕೇ ಮುಗಿಯಿತು. ಎಷ್ಟು ಹೂಂ ಅಂದರೂ ಅಜ್ಜಿ ಮಾತಾಡಲಿಲ್ಲ. ನನ್ನ ಅಳು ನೋಡಲಾರದೆ ಸ್ಪಂದನಾ ಹೆಡ್‌ಫೋನ್ ಕಸಿದು ತಾನೂ ಕೇಳಿದಳು.

"ಕೊನೇಲಿ ನಮ್ಮನೆ ಬೆಲ್ ಕೇಳ್ಸುತ್ತಲ್ಲೇ," ಎಂದಳು. "ಇದನ್ನ ಯಾವಾಗ ರೆಕಾರ್ಡ್ ಮಾಡಿದ್ದು?"