ದೂಮ ಬರೆದ ಕಡಲಗೋಡೆ

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ, ಪಡುವಣ ಕಡಲ ದಡದಲ್ಲಿ ಮರಳೂರು ಎಂಬ ರಾಜ್ಯವಿತ್ತು. ಕಡಲಾಚೆಯಿಂದ ಬಂದ ಮಾಂತ್ರಿಕನೊಬ್ಬ ಅಲ್ಲಿನ ರಾಜನನ್ನು ಗಿಳಿಯಾಗಿಸಿ ಪಂಜರದಲ್ಲಿಟ್ಟು ತಾನೇ ಆಳುತ್ತಿದ್ದ. ಬೆಂಕಿ ತಿನ್ನುವ ಕಬ್ಬಿಣದ ಕೋಣವೊಂದು ಅವನ ಬಂಡಿಗಳನ್ನು ಎಳೆಯುತ್ತಿತ್ತು. ಅದು ತಂದ ಅಕ್ಕಿ, ಮೆಣಸು, ಮರವೆಲ್ಲ ದಡದ ಸರಕಿನಂಗಳದಲ್ಲಿ ರಾಶಿ ಬೀಳುತ್ತಿತ್ತು. ಅದನ್ನು ಸಾಗಿಸಲು ಹಡಗು ಬೇಕು. ಹಡಗು ನಿಲ್ಲಲು ಧಕ್ಕೆಯ ಕಟ್ಟೆ ಬೇಕು. ಧಕ್ಕೆ ಉಳಿಯಲು ಕಡಲಿಗೆ ಗೋಡೆ ಬೇಕು.

ಮಾಂತ್ರಿಕ ನಕ್ಷೆ ಬರೆಯುವ ದೂಮನನ್ನು ಕರೆಸಿದ. ದೂಮ ಮೀನುಗಾರರ ಕೇರಿಯವನು, ಅಕ್ಕ ಪೊನ್ನು ಸಾಕಿ ಬೆಳೆಸಿದ ತರುಣ.

ದೂಮ ನಕ್ಷೆ ಬರೆದ. ಗುಡ್ಡದ ಕಲ್ಲಿನ ಗೋಡೆ ಎದ್ದಿತು. ಕಡಲು ಅದನ್ನು ಒಡೆಯಿತು. ದೂಮ ಮತ್ತೆ ಬರೆದ. ಕಬ್ಬಿಣದ ಗೋಡೆ ಎದ್ದಿತು. ಕಡಲು ಅದನ್ನು ನುಂಗಿತು.

"ಮೂರನೆಯದಕ್ಕೆ ಕಲ್ಲು ನಾನು ತರುತ್ತೇನೆ," ಎಂದ ಮಾಂತ್ರಿಕ. "ನೀನು ಗೆರೆ ಎಳೆ, ಸಾಕು."

"ಯಾವ ಕಲ್ಲು, ದೊರೆ?"

"ಒಡೆಯಲು ಕಡಲಿಗೇ ಮನಸ್ಸು ಬಾರದ ಕಲ್ಲು."

ದೂಮ ಮತ್ತೇನೂ ಕೇಳಲಿಲ್ಲ. ಗೆರೆ ಎಳೆದ.

ಬೆಳಗಾಗುವಾಗ ಗೆರೆಯುದ್ದಕ್ಕೂ ಕರಿಕಲ್ಲುಗಳು ನಿಂತಿದ್ದವು. ಅಲೆ ಬಂದು ಅವನ್ನು ಮುಟ್ಟಿ ಮೆಲ್ಲಗೆ ಹಿಂದೆ ಸರಿಯಿತು. ಹಡಗುಗಳು ಬಂದು ಆ ಕಲ್ಲುಗಳಿಗೆ ಸರಪಳಿ ಬಿಗಿದು ನಿಂತವು. ಅಕ್ಕನಿಗೆ ಸುದ್ದಿ ಹೇಳಲು ದೂಮ ಓಡಿದರೆ, ಕೇರಿಯಲ್ಲಿ ನರಪಿಳ್ಳೆಯಿಲ್ಲ. ಒಲೆಗಳು ಮಾತ್ರ ಉರಿಯುತ್ತಿದ್ದವು. ಅವನು ಗೋಡೆಗೆ ಬಂದು ಒಂದು ಕಲ್ಲು ಮುಟ್ಟಿದ. ಬೆಚ್ಚಗಿತ್ತು.

"ದೂಮಾ," ಎಂದಿತು ಕಲ್ಲು, ಪೊನ್ನುವಿನ ದನಿಯಲ್ಲಿ. "ಹಡಗಿನ ಸರಪಳಿ ಕುತ್ತಿಗೆಗೆ ಬಿಗಿತದೆ ಮಾರಾಯ. ಆ ಗೆರೆ ಅಳಿಸು."

"ಅಳಿಸಿದ್ರೆ ಕಡಲು ನುಗ್ತದಲ್ಲ ಅಕ್ಕಾ?"

"ನುಗ್ಗಲಿ. ನಮಗೆ ಈಜು ಬರ್ತದೆ."

ಮಾಂತ್ರಿಕ ನಕ್ಷೆಯನ್ನು ಬಚ್ಚಿಟ್ಟದ್ದು ಸರಕಿನಂಗಳದಲ್ಲಿ, ಕಬ್ಬಿಣದ ಕೋಣದ ಗೊರಸಿನಡಿ. ದೂಮ ಒಂದು ಕೊಡ ನೀರು ಹೊತ್ತು ಹೋದ.

"ಬೆಂಕಿ ತಂದಿದ್ದೀಯಾ?" ಎಂದಿತು ಕೋಣ.

"ಇಲ್ಲ, ನೀರು."

ಅದಕ್ಕೆ ಯಾರೂ ತಣ್ಣೀರು ಕೊಟ್ಟಿರಲಿಲ್ಲ. ಕೊಡ ಬರಿದಾಗುವವರೆಗೆ ಕುಡಿದು ನಕ್ಷೆಯ ಮೇಲಿಂದ ಕಾಲೆತ್ತಿತು. "ತಮ್ಮಾ, ಅಳಿಸುವ ಕೈ ಕಲ್ಲಾಗುತ್ತದೆ. ನೋಡಿಕೋ."

ದೂಮ ಬಲಗೈಯಿಂದಲೇ ಉಜ್ಜಿದ. ಗೆರೆ ಎಳೆದದ್ದು ಅದೇ ಕೈ. ಬೆರಳು ಕಲ್ಲಾದವು. ಉಜ್ಜಿದ. ಅಂಗೈ ಕಲ್ಲಾಯಿತು. ಗೆರೆಯ ತುದಿ ಅಳಿಯುವಾಗ ಮೊಣಕೈವರೆಗೂ ಕಲ್ಲು.

ಕಡಲು ನುಗ್ಗಿತು. ಧಕ್ಕೆ ಕುಸಿಯಿತು, ಹಡಗುಗಳು ಒಂದಕ್ಕೊಂದು ಬಡಿದು ಸೀಳಿಹೋದವು. ಓಡುತ್ತಿದ್ದ ಮಾಂತ್ರಿಕನನ್ನು ಅಲೆ ಎಳೆದೊಯ್ದಿತು. ಅವನು ಮುಳುಗಿದೊಡನೆ ಗಿಳಿ ರಾಜನಾಯಿತು, ಕಬ್ಬಿಣದ ಕೋಣ ಕಾಡುಕೋಣವಾಗಿ ಗುಡ್ಡ ಹತ್ತಿತು. ಕಲ್ಲಾಗಿದ್ದವರು ಮನುಷ್ಯರಾಗಿ ಈಜಿ ದಡ ಸೇರಿದರು. ಸರಪಳಿಯ ಎಳೆತಕ್ಕೆ ಒಡೆದಿದ್ದ ಕಲ್ಲುಗಳು ಮಾತ್ರ ಮೇಲೇಳಲಿಲ್ಲ. ಅವರ ಹೆಸರು ಹಿಡಿದು ಕೂಗುತ್ತ ಕೇರಿಗೆ ಕೇರಿಯೇ ಅತ್ತಿತು.

ಆಮೇಲೆ ಮರಳೂರಿನವರು ಯಾರಿಗೂ ಅಂಜದೆ ನೆಮ್ಮದಿಯಿಂದ ಬಾಳಿದರು. ಕಲ್ಲಾಗಿಯೇ ಉಳಿದ ಕೈ ಹೊತ್ತ ದೂಮ ಮಾತ್ರ ಬಹಳ ದಿನ ತಲೆಯೆತ್ತಲಿಲ್ಲ. ಪೊನ್ನು ಅವನನ್ನು ಬೈಯಲಿಲ್ಲ. ಅನ್ನ ಕಲಸಿ, ತುತ್ತು ಮಾಡಿ, "ಬಾಯಿ ತೆರೆ," ಎಂದಳು.