ಅಪ್ಪನಿಗೆ ಕೇಳಿಸಬೇಕಿದ್ದ ಅಲೆ

"ನನ್ನ ಅಲೆ ನುಂಗಿದವರು ನೀವೇ ಏನ್ರಿ?"

ಟೆಕ್ಸಸ್ ರಾಜ್ಯದ ರೌಂಡ್ ರಾಕ್‌ನ ಹಾಲ್‌ನಲ್ಲಿ ಯುಗಾದಿ ಕಾರ್ಯಕ್ರಮ ಮುಗಿದು ಜನ ಊಟಕ್ಕೆ ಎದ್ದಿದ್ದರು. ಕೇಬಲ್ ಸುತ್ತುತ್ತಿದ್ದ ಶ್ರೀಶೈಲ್ ತಲೆಯೆತ್ತಿದ. ಕನ್ನಡ ಸಂಘದ ಸೌಂಡ್ ನೋಡಿಕೊಳ್ಳಲು ದೂರದ ತನ್ನೂರು ಸೈಪ್ರೆಸ್‌ನಿಂದ ಬಂದವನು.

"ಯಾವ ಅಲೆರಿ?"

ಕೇಳಿದವಳು ಶೀತಲ್. ಕಾರ್ಯಕ್ರಮದಲ್ಲಿ ಅವಳು ಮಾತನಾಡಿದ್ದು ಗುರುತ್ವದ ಅಲೆಗಳ ಬಗ್ಗೆ. ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯನ್ನು ವಿಜ್ಞಾನಿಗಳು ಹಿಡಿದ ಸುದ್ದಿ ಆ ಫೆಬ್ರವರಿಯಲ್ಲಷ್ಟೇ ಬಂದಿತ್ತು. ಭೂಮಿಯನ್ನೇ ತೂರಿಹೋಗುವ ಇಂಥ ಅಲೆಯಲ್ಲಿ, ಟವರ್, ಸ್ಯಾಟಲೈಟ್ ಇಲ್ಲದೆ, ಟೆಕ್ಸಸ್‌ನಿಂದ ಧಾರವಾಡಕ್ಕೆ ನೇರ ಸಂದೇಶ ಕಳಿಸಬಹುದೇ ಎಂದು ಕೇಳಿ, ಕೊನೆಗೆ ಆ ಅಲೆಯ ಫ್ರೀಕ್ವೆನ್ಸಿಯನ್ನೇ ಧ್ವನಿಯಾಗಿ ಹಾಕಿದ್ದಳು. ಹಾಲ್‌ನಲ್ಲಿ ಕೇಳಿಸಿದ್ದು ಸಣ್ಣದೊಂದು 'ಚಿಕ್'. ಜನ ನಕ್ಕಿದ್ದರು.

"ಅಯ್ಯ, ಅದಾ! ಎಸಿ ಸದ್ದು ಬರಬಾರ್ದಂತ ತಗ್ಗಿನ ಫ್ರೀಕ್ವೆನ್ಸಿ, ದಪ್ಪ ಸದ್ದೆಲ್ಲಾ ಕಟ್ ಮಾಡಿಟ್ಟಿದ್ದೆ. ತಪ್ಪಾತ್ರಿ."

"ಜನ ನಕ್ಕಿದ್ದಕ್ಕ ಬ್ಯಾಸರ ಇಲ್ರಿ." ಅವಳ ದನಿ ಕುಗ್ಗಿತು. ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದ ತಂದೆ ದಾನಪ್ಪನವರನ್ನು ತೋರಿಸಿದಳು. "ಫಿಸಿಕ್ಸ್ ಮಾಸ್ತರ್ ಆಗಿದ್ರು. ಈಗ ತೆಳು ದನಿ ಕೇಳ್ಸೂದಿಲ್ಲ, ದಪ್ಪ ಸದ್ದಷ್ಟೇ. ಅದಕ್ಕಂತನೇ ಇದನ್ನ ಆರಿಸಿದ್ದೆ. 'ಕಿವಿ ಪೂರಾ ಹೋತು' ಅಂತ ಮಾತೇ ಬಿಟ್ಟಾರ."

ಶ್ರೀಶೈಲ್ ಕೇಬಲ್ ಕೆಳಗಿಟ್ಟ. ಡ್ಯಾನ್ಸ್‌ಗೆ ತಂದಿದ್ದ ಬಾಸ್ ಸ್ಪೀಕರ್ ಆಗಲೇ ವ್ಯಾನ್ ಏರಿತ್ತು. ಒಬ್ಬನೇ ಇಳಿಸಿ ತಂದ. ಎಸಿ ಆರಿಸಿ, ಕಟ್ ಮಾಡಿದ್ದ ಫ್ರೀಕ್ವೆನ್ಸಿಯನ್ನು ಮತ್ತೆ ಬಿಟ್ಟ. ಬೆವರಿದ ಹಣೆಯನ್ನು ತೋಳಿನಿಂದ ಒರೆಸಿಕೊಂಡು ಅವಳತ್ತ ನೋಡಿದ. ಅವಳು ಬಟನ್ ಒತ್ತಿದಳು.

ನೆಲದಿಂದೆದ್ದ ಗುಂಯ್ಕಾರ ಸರ್ರನೆ ಮೇಲೇರಿ ನಿಂತುಹೋಯಿತು.

ದಾನಪ್ಪನವರು ಬೆಚ್ಚಿ ನೆಟ್ಟಗೆ ಕೂತರು. "ಇನ್ನೊಮ್ಮೆ ಹಚ್ಚು!"

ಮತ್ತೆ ಕೇಳಿದರು. ಕಣ್ಣೊರೆಸಿಕೊಂಡು ಮಗಳತ್ತ ಬೆರಳು ತೋರಿಸಿದರು. "ಶೀತೂ, ಸಂದೇಶ ಕಳಸಾಕ ನಕ್ಷತ್ರದಷ್ಟು ತೂಕ ಅಲುಗಾಡಸಬೇಕಲಾ? ಅದನ್ಯಾಕ ಸ್ಲೈಡಿನಾಗ ಹಾಕಲಿಲ್ಲ?"

ಬೈಗುಳ ಕೇಳಿ ಇಷ್ಟು ಹಿತವಾದದ್ದು ಶೀತಲ್‌ಗೆ ನೆನಪಿರಲಿಲ್ಲ. ಶ್ರೀಶೈಲ್‌ನತ್ತ ತಿರುಗಿದಳು. ಅವನು ಕೆಳಗಿಟ್ಟಿದ್ದ ಕೇಬಲ್ ಎತ್ತಿ ತಾನೇ ಸುತ್ತತೊಡಗಿದಳು. ಅವನಿಗೆ ಅರ್ಥವಾಗಿತ್ತು, ನೋಟ ತಗ್ಗಿಸಿದ.

ಮೂವರೂ ಒಂದೇ ಟೇಬಲ್‌ಗೆ ಕೂತರು.

"ಮುಂದಿನ ಶನಿವಾರ ಸೈಪ್ರೆಸ್‌ಗೆ ಬರ್ಲೇನ್ರಿ?" ಎಂದಳು ಶೀತಲ್.

"ಬರ್ರಿ. ಅಂಕಲ್‌ರನ್ನೂ ಕರ್ಕೊಂಡು ಬರ್ರಿ."

"ಒಬ್ಬಾಕಿನೇ ಬಂದ್ರ?"

ಶ್ರೀಶೈಲ್‌ನ ಕಿವಿ ಕೆಂಪಾಯಿತು. ತನ್ನ ತಟ್ಟೆಯ ಹೋಳಿಗೆ ಎತ್ತಿ ಅವಳ ತಟ್ಟೆಗಿಟ್ಟ. "ಮುಂಜಾನೇನೇ ಬರ್ರಿ," ಎಂದ, ಮೆಲ್ಲಗೆ, ಆದರೆ ದಪ್ಪ ದನಿಯಲ್ಲಿ.

ದಾನಪ್ಪನವರು ಏನೂ ಕೇಳಿಸದವರಂತೆ ಊಟ ಮುಂದುವರಿಸಿದರು.